ಹಂಚಿನ ಬೆನ್ನ ಮೇಲೆ ಯಾರ ಹೆಸರು?

ಮಂಗಳೂರಿನಲ್ಲಿ ಕಲೆ ಕಲಿಯುತ್ತಿರುವ ಹುಡುಗ ನಾನು. ಮೊನ್ನೆ ಕ್ಲಾಸಿನಲ್ಲಿ ಮಣ್ಣು ಕೊಟ್ಟರು. ಚೆನ್ನಾಗಿ ನಾದಿದೆ, ಒಳಗೆ ಗಾಳಿ ಉಳಿಯಬಾರದು. ಒಬ್ಬ ಹೆಂಗಸನ್ನು ಮಾಡಿದೆ, ಮಂಡೆ ಮೇಲೆ ಮಣ್ಣಿನ ಬುಟ್ಟಿ. ಅವಳು ನನ್ನಜ್ಜಿ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವಳು.

ಮಾಸ್ಟ್ರು ನೋಡಿ, "ಬುಟ್ಟಿ ಎಂತಕ್ಕೆ ಮಾರಾಯ? ತೆಗೆ, ಮುಖ ಚಂದ ಉಂಟು" ಅಂದರು.

ತೆಗೆಯುವುದಿಲ್ಲ ಸ್ವಾಮಿ!

1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಮಂಗಳೂರು ಹಂಚು ಹಡಗು ಹತ್ತಿ ಆಫ್ರಿಕಾ ಮುಟ್ಟಿತು. ಒಂದು ಹಳೇ ಹಂಚು ತಿರುಗಿಸಿ ನೋಡಿ. ಬೆನ್ನ ಮೇಲೆ ಕಂಪನಿ ಹೆಸರುಂಟು, ಊರ ಹೆಸರುಂಟು. ಮಣ್ಣು ಹೊತ್ತವಳದು? ಇಲ್ಲ. ಅಚ್ಚು ಒತ್ತಿದವನದು? ಅದೂ ಇಲ್ಲ.

ಅದೇ ಮಣ್ಣು, ಅದೇ ಬೆಂಕಿ. ನಾನು ಮಾಡಿದರೆ ಕಲೆ, ಅಡಿಗೆ ಸಹಿ ಹಾಕು ಅನ್ನುತ್ತಾರೆ. ಅಜ್ಜಿ ಮಾಡಿದ್ದು ಬರೀ ಕೂಲಿ! ಮೈಗೆ ಮಣ್ಣಾದವರನ್ನು ಅಂಗಳದಾಚೆ ನಿಲ್ಲಿಸಿದವರು ಈಗ ಮಣ್ಣನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತಾರೆ.

ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಮಣ್ಣಿನ ಗುಣ ಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರನ್ನು ಕ್ಲಾಸಿಗೆ ಕರೆಯಿರಿ, ಮಾಸ್ಟ್ರ ಕುರ್ಚಿ ಕೊಡಿ.

ನನ್ನ ಬೊಂಬೆಗೆ ಸಹಿ ಹಾಕಿದ್ದೇನೆ. ಹೆಸರು ನನ್ನದಲ್ಲ, ಅಜ್ಜಿಯದು.