ಬೆಂಗಳೂರು ತನ್ನ ಸತ್ತವರ ಹೆಸರು ಕೆತ್ತಿಸಲಿ

ದೆಹಲಿಯ ಇಂಡಿಯಾ ಗೇಟ್ ಕೆಳಗೆ ಐವತ್ತು ವರ್ಷ ಉರಿದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಗೆ ಸೇರಿಸಿದರು. ಆಗ ಸರ್ಕಾರದ ಮೂಲಗಳು ಕೊಟ್ಟ ಸಮರ್ಥನೆಗಳಲ್ಲಿ ಒಂದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಇಂಡಿಯಾ ಗೇಟ್ ಮೇಲಿರುವುದು ಮೊದಲ ಮಹಾಯುದ್ಧದಲ್ಲೂ ಆಫ್ಘನ್ ಯುದ್ಧದಲ್ಲೂ ಬ್ರಿಟಿಷರಿಗಾಗಿ ಹೋರಾಡಿ ಸತ್ತ ಕೆಲವರ ಹೆಸರು ಮಾತ್ರ, ಅದು ವಸಾಹತು ಕಾಲದ ಕುರುಹು ಎಂಬುದೇ ಆ ಸಮರ್ಥನೆ. ಹೊಸ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳಿವೆ, ಇರಲೇಬೇಕು. ಆದರೆ ಅದನ್ನು ಹೇಳುವುದಕ್ಕೆ ಹಳೆಯ ಹದಿಮೂರು ಸಾವಿರ ಹೆಸರುಗಳನ್ನು ಗುಲಾಮಗಿರಿಯ ಗುರುತು ಎಂದು ಪಕ್ಕಕ್ಕೆ ತಳ್ಳಬೇಕಿರಲಿಲ್ಲ.

ಈ ವಾದ ದೆಹಲಿಯಲ್ಲೇ ನಿಂತಿಲ್ಲ. ಬೆಂಗಳೂರಿನಲ್ಲೂ ಎರಡು ಮಹಾಯುದ್ಧಗಳ ಸತ್ತವರ ಮಾತೆತ್ತಿದರೆ ಸಾಕು, ‘ಅವರು ಬ್ರಿಟಿಷರ ಸಂಬಳದ ಸಿಪಾಯಿಗಳು, ನಮಗೇಕೆ ಆ ಉಸಾಬರಿ’ ಎನ್ನುವವರು ಎದುರಾಗುತ್ತಾರೆ. ಇನ್ನೊಂದು ಕಡೆ, ಸೆಪ್ಟೆಂಬರ್ 23 ಬಂದಾಗ ಮೈಸೂರು ಅಶ್ವದಳದ 1918ರ ಹೈಫಾ ವಿಜಯದ ಭಾಷಣ ಮಾಡಿ, ಹೂಮಾಲೆ ಹಾಕಿ, ಮರುದಿನ ಮರೆಯುವವರಿದ್ದಾರೆ. ಇಬ್ಬರದೂ ತಪ್ಪು ಎಂಬುದು ನನ್ನ ವಾದ. ಈ ನಗರ ಎರಡೂ ಯುದ್ಧಗಳಲ್ಲಿ ಕಳೆದುಕೊಂಡವರ ಹೆಸರುಗಳನ್ನು ಒಬ್ಬೊಬ್ಬರಾಗಿ ಹುಡುಕಿ, ಕಲ್ಲಿನಲ್ಲಿ, ಕನ್ನಡದಲ್ಲಿ ಕೆತ್ತಿಸಬೇಕು. ಅವರು ಯಾವ ಧ್ವಜದಡಿ ಸತ್ತರು ಎಂಬುದನ್ನು ಮುಚ್ಚಿಡದೆ ಅದೇ ಕಲ್ಲಿನ ಮೇಲೆ ಬರೆಯಬೇಕು.

ಸತ್ತವನ ಹೆಸರು ಕೆತ್ತಿಸುವುದನ್ನು ನಮಗೆ ಇಂಗ್ಲಿಷರು ಕಲಿಸಲಿಲ್ಲ. ಬೆಂಗಳೂರು ಎಂಬ ಊರಿನ ಹೆಸರು ನಮಗೆ ಮೊದಲು ಸಿಗುವುದೇ ಯುದ್ಧದಲ್ಲಿ ಸತ್ತವನೊಬ್ಬನ ಕಲ್ಲಿನ ಮೇಲೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ಆ ವೀರಗಲ್ಲು, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಸತ್ತ ಎಂದು ದಾಖಲಿಸುತ್ತದೆ. ಅದಕ್ಕೂ ಸುಮಾರು ನೂರೈವತ್ತು ವರ್ಷ ಹಿಂದಿನದು ಹೆಬ್ಬಾಳದ ಕಿತ್ತಯ್ಯನ ಕಲ್ಲು. ಗಂಗರ ಶ್ರೀಪುರುಷನ ಕಾಲದಲ್ಲಿ ಊರ ಮೇಲೆ ಬಂದ ದಾಳಿಯಲ್ಲಿ ಕಾದಿ ಸತ್ತವನು ಅವನು. ಅವನ ಕಲ್ಲು ಮತ್ತೆ ಬೆಳಕಿಗೆ ಬಂದಾಗ ನಾವೆಲ್ಲ ಎಷ್ಟು ಸಂಭ್ರಮಪಟ್ಟೆವು! ಗಂಗರಸ ಪ್ರಜೆಗಳ ಒಪ್ಪಿಗೆ ಪಡೆದು ಆಳುತ್ತಿದ್ದನೇ ಎಂದು ಆಗ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಶಾಸನವನ್ನು ಒಮ್ಮೆ ಹತ್ತಿರದಿಂದ ನೋಡಿ. ಹತ್ತನೆಯ ಶತಮಾನದ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದ್ದು ಕೇಳು ಎಂದು ಗಂಗರ ಬೂತುಗ ಹೇಳುತ್ತಾನೆ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸಾಯುತ್ತದೆ. ಕಲ್ಲಿನ ಮೇಲೆ ಹಂದಿ, ನಾಯಿ ಎದುರುಬದುರಾಗಿ ಕಚ್ಚಾಡುತ್ತಿವೆ, ಸುತ್ತ ಅಕ್ಷರಗಳು. ನಾಯಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ನಡೆಯುವ ಏರ್ಪಾಟನ್ನೂ ಮಾಡಿದರು. ನಾಯಿಯ ಹೆಸರನ್ನೂ ಬಿಡದೆ ಬರೆದಿಟ್ಟ ನೆಲ ಇದು.

ಈಗ ಬಾಸ್ರಾಕ್ಕೆ ಬನ್ನಿ. ಮೊದಲ ಮಹಾಯುದ್ಧದ ಮೆಸೊಪಟೇಮಿಯಾ ರಣರಂಗದಲ್ಲಿ ಸತ್ತು ಸಮಾಧಿಯೂ ಸಿಗದವರಿಗಾಗಿ ಕಟ್ಟಿದ ಸ್ಮಾರಕ ಅಲ್ಲಿದೆ. ನಲವತ್ತು ಸಾವಿರಕ್ಕೂ ಹೆಚ್ಚು ಜನರ ನೆನಪಿನದು, ಅವರಲ್ಲಿ ಬಹುಪಾಲು ನಮ್ಮ ದೇಶದವರು. ಬ್ರಿಟಿಷ್ ಸೇನೆಯ ಸಾಮಾನ್ಯ ಸಿಪಾಯಿಯ ಹೆಸರು ಆ ಗೋಡೆಯ ಮೇಲಿದೆ. ಭಾರತೀಯ ಅಧಿಕಾರಿಯ ಹೆಸರೂ ಇದೆ. ಅವರ ಕೆಳಗಿನ ಹವಾಲ್ದಾರ, ನಾಯಕ, ಸಿಪಾಯಿ, ಇವರೆಲ್ಲ ರೆಜಿಮೆಂಟಿನ ಹೆಸರಿನ ಮುಂದೆ ಒಂದು ಅಂಕಿಯಾಗಿ ಉಳಿದರು. ಇಷ್ಟು ಮಂದಿ, ಅಷ್ಟೆ. ಅವರಿಗೆ ನೀರು ಹೊತ್ತ ಭಿಸ್ತಿ, ಅಡುಗೆಯವನು, ಹೇಸರಗತ್ತೆ ಹೊಡೆದವನು, ಕಸ ಗುಡಿಸಿದವನು ಕೂಡ ಅದೇ ಜ್ವರದಲ್ಲಿ, ಅದೇ ಗುಂಡಿಗೆ ಸತ್ತರು. ಅವರ ಹೆಸರಂತೂ ಲೆಕ್ಕಕ್ಕೇ ಬರಲಿಲ್ಲ.

ಇದು ಅಚಾತುರ್ಯವಲ್ಲ, ನಿರ್ಧಾರ. 1917ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ, ಸತ್ತವರಲ್ಲಿ ದರ್ಜೆ, ಜನಾಂಗ, ಮತದ ಭೇದವಿಲ್ಲ ಎಂಬ ತತ್ವ ಸಾರಿಕೊಂಡಿತ್ತು. ಯುರೋಪಿನಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡಿತು. ಏಷ್ಯಾ, ಆಫ್ರಿಕಾಗಳಲ್ಲಿ ಆ ತತ್ವವನ್ನು ಕೈಬಿಟ್ಟಿತು. ಅದೇ ಆಯೋಗ (ಇಂದಿನ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ) ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟು ಸತ್ಯ ಒಪ್ಪಿಕೊಂಡಿತು. 45,000ದಿಂದ 54,000 ಜನರಿಗೆ ಅಸಮಾನ ರೀತಿಯ ಸ್ಮಾರಕ ದೊರೆತಿತ್ತು. ಕನಿಷ್ಠ 1,16,000 ಜನರಿಗೆ, ಬಹುಶಃ 3,50,000 ಜನರಿಗೆ, ಹೆಸರಿನ ಸ್ಮಾರಕ ಸಿಗಲೇ ಇಲ್ಲ ಅಥವಾ ಯಾವ ಸ್ಮಾರಕವೂ ಸಿಗಲಿಲ್ಲ. ಇದಕ್ಕೆ ಜನಾಂಗಭೇದವೂ ಕಾರಣ ಎಂದು ವರದಿ ಹೇಳಿತು, ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಇಂಥ ನೆನಪು ವಸಾಹತುಶಾಹಿಗೆ ಸಲ್ಲಿಸುವ ನಮಸ್ಕಾರ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೆ: ಸಾಮ್ರಾಜ್ಯ ಅವರ ಹೆಸರನ್ನು ಬೇಕೆಂದೇ ಬರೆಯದೆ ಬಿಟ್ಟಿತು. ನೀವೂ ಬರೆಯಬಾರದು ಎನ್ನುತ್ತೀರಿ. ಹಾಗಾದರೆ ಸಾಮ್ರಾಜ್ಯದ ಆಜ್ಞೆಯನ್ನು ಇಂದಿಗೂ ಪಾಲಿಸುತ್ತಿರುವವರು ಯಾರು?

‘ಸಂಬಳಕ್ಕಾಗಿ ಹೋದವರು’ ಎಂಬ ಮಾತಿಗೂ ಉತ್ತರ ಕೊಡಬೇಕು. ಹೌದು, ಸಂಬಳಕ್ಕೇ ಹೋದರು. 1914ರಲ್ಲಿ ಕಾಲ್ದಳದ ಸಿಪಾಯಿಯ ತಿಂಗಳ ಸಂಬಳ ಹನ್ನೊಂದು ರೂಪಾಯಿ. ಮಳೆ ಕೈಕೊಟ್ಟ ವರ್ಷ ಮನೆಯ ಸಾಲ ತೀರಿಸಲು ಹೊರಟ ಹತ್ತೊಂಬತ್ತರ ಹುಡುಗನನ್ನು ದೇಶಭಕ್ತಿಯ ತಕ್ಕಡಿಯಲ್ಲಿ ತೂಗಲು ನಮಗೇನು ಅಧಿಕಾರವಿದೆ? ಅದೇ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ ಐವತ್ತು ಲಕ್ಷ ರೂಪಾಯಿ ಕೊಟ್ಟರು. 1918ರಲ್ಲಿ ಗಾಂಧೀಜಿ ಖೇಡಾ ಜಿಲ್ಲೆಯ ಹಳ್ಳಿ ಹಳ್ಳಿ ಸುತ್ತಿ, ಸೈನ್ಯಕ್ಕೆ ಸೇರಿ ಎಂದು ರೈತರನ್ನು ಕೇಳಿಕೊಂಡರು. ಮಹಾರಾಜರ ಹೆಸರಿನಲ್ಲಿ ರಸ್ತೆಗಳಿವೆ, ಗಾಂಧೀಜಿ ಪ್ರತಿಮೆಯಿಲ್ಲದ ಊರಿಲ್ಲ. ಅವರನ್ನು ಹಾಗೆ ಗೌರವಿಸುವುದು ಸರಿಯೇ. ಯುದ್ಧಕ್ಕೆ ಹಣ ಕೊಟ್ಟವರನ್ನೂ ಜನ ಕರೆದವರನ್ನೂ ಗೌರವಿಸುವ ನಾವು, ಹೋಗಿ ಸತ್ತವನೊಬ್ಬನಿಗೆ ಮಾತ್ರ ನೈತಿಕತೆಯ ಪರೀಕ್ಷೆ ಒಡ್ಡುವುದು ಅನ್ಯಾಯ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಲಿಯನ್‌ವಾಲಾಬಾಗ್‌ನಲ್ಲಿ ಡೈಯರ್ ಆಜ್ಞೆಗೆ ಬಂದೂಕು ಎತ್ತಿದವರು ಇದೇ ಸೇನೆಯ ಸಿಪಾಯಿಗಳು. 1942ರಲ್ಲಿ ಈಸೂರು ಸ್ವತಂತ್ರ ಎಂದು ಘೋಷಿಸಿಕೊಂಡಿತು, ಮರುವರ್ಷದ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಅದೇ ವರ್ಷಗಳಲ್ಲಿ ಇನ್ನೊಬ್ಬ ಕನ್ನಡಿಗ ಖಾಕಿ ತೊಟ್ಟು ಬರ್ಮಾ ಕಡೆಗೆ ಹೊರಟಿದ್ದ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾದೀತೇ? ಒಂದೇ ಸಾಲಿನಲ್ಲಿ ಬೇಡ. ಈಸೂರಿನವರು ಆರಿಸಿಕೊಂಡ ಸಾವಿನ ಎತ್ತರ ಬೇರೆ, ಆ ಗೌರವ ಅವರದೇ ಆಗಿ ಉಳಿಯಲಿ. ಆದರೆ ಬರ್ಮಾದಿಂದ ಮನೆಗೆ ಮರಳದವನು ಎಂದಾದರೂ ತನ್ನ ಜನರ ಮೇಲೆ ಗುಂಡು ಹಾರಿಸಿದನೇ? ಡೈಯರ್ ಕೈಕೆಳಗಿನವರ ಪಾಪವನ್ನು ಇಡೀ ಸೇನೆಯ ಸತ್ತವರ ತಲೆಗೆ ಕಟ್ಟುವುದು ವಿಚಾರಣೆಯಿಲ್ಲದ ಶಿಕ್ಷೆ.

ಅದೂ ಅಲ್ಲದೆ, ಸತ್ತವರನ್ನು ಹೀಗೆ ಆ ಕಡೆಯವರು, ಈ ಕಡೆಯವರು ಎಂದು ಸೀಳಲು ಹೊರಟರೆ ಮನೆಗಳನ್ನೇ ಸೀಳಬೇಕಾಗುತ್ತದೆ. ಮಡಿಕೇರಿಯ ತಿಮ್ಮಯ್ಯನವರು ಅರಕಾನ್‌ನಲ್ಲಿ ಬ್ರಿಟಿಷ್ ಭಾರತದ ಸೇನೆಯ ತುಕಡಿಗೆ ದಂಡನಾಯಕರಾಗಿದ್ದಾಗ, ಅವರ ಒಡಹುಟ್ಟಿದ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಸಿಂಗಪುರದ ರಕ್ಷಣೆಗೆ ಹೋದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಕಾಲ್ದಳವೂ ಇತ್ತು. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿಗೆ ಶರಣಾದಾಗ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಸುಭಾಷರ ಪಡೆ ಸೇರಿದರು, ಸಾವಿರಾರು ಮಂದಿ ಸೇರಲಿಲ್ಲ. ಒಂದೇ ಬ್ಯಾರಕಿನಲ್ಲಿ ಮಲಗಿ ಎದ್ದವರು ಅವರು.

ಇನ್ನು ಹೈಫಾದ ಭಾಷಣಕಾರರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಈಟಿ ಹಿಡಿದು ಮೆಷಿನ್‌ಗನ್ನುಗಳ ಎದುರು ನುಗ್ಗಿ ಹೈಫಾ ಹಿಡಿದದ್ದು ನಿಜ, ಆ ಸಾಹಸಕ್ಕೆ ನಾನೂ ತಲೆಬಾಗುತ್ತೇನೆ. ಆದರೆ 2018ರಲ್ಲಿ ಇಸ್ರೇಲ್ ಪ್ರಧಾನಿಯ ಸಮ್ಮುಖದಲ್ಲಿ ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ ಹೈಫಾದ ಹೆಸರು ಸೇರಿಸಿದಂದಿನಿಂದ ಆ ಸವಾರರು ಎರಡು ಸರ್ಕಾರಗಳ ಸ್ನೇಹದ ಸಾಕ್ಷಿಗಳಾಗಿಬಿಟ್ಟಿದ್ದಾರೆ. ಅವರು ಕುದುರೆ ಓಡಿಸಿದಾಗ ಇಸ್ರೇಲ್ ಎಂಬ ರಾಷ್ಟ್ರವೇ ಇರಲಿಲ್ಲ. ಹೈಫಾದಲ್ಲಿ ಅಂದು ಸತ್ತವರು ಎಂಟು ಮಂದಿ. ಅದಾಗಿ ತಿಂಗಳಿಗೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಪಕ್ಕದ ಹರಿತಾನ್‌ನಲ್ಲಿ ಇದೇ ಎರಡು ದಳಗಳು ಮತ್ತೆ ಶತ್ರುವಿನ ಮೇಲೆ ಬಿದ್ದವು. ಅಲ್ಲಿ ಸತ್ತವರು ಹೈಫಾದಲ್ಲಿ ಸತ್ತವರಿಗಿಂತ ಹೆಚ್ಚು. ನಾಲ್ಕು ದಿನ ಕಳೆದು ತುರ್ಕಿಯೊಂದಿಗೆ ಕದನವಿರಾಮಕ್ಕೆ ಸಹಿ ಬಿತ್ತು. ನಾಲ್ಕು ದಿನ ತಡೆದಿದ್ದರೆ ಅವರೆಲ್ಲ ಮನೆಗೆ ಬರುತ್ತಿದ್ದರು. ಹರಿತಾನ್ ದಿನವನ್ನು ಯಾರೂ ಆಚರಿಸುವುದಿಲ್ಲ, ಏಕೆಂದರೆ ಆ ಊರಿನ ಹೆಸರಿನಿಂದ ಇಂದು ಯಾವ ರಾಜತಾಂತ್ರಿಕ ಲಾಭವೂ ಇಲ್ಲ. ಗೆಲುವನ್ನು ಮಾತ್ರ ನೆನೆಯುವವರು ಸತ್ತವರನ್ನು ನೆನೆಯುತ್ತಿಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರಿನ ಈ ಈಟಿ ಸವಾರರ, ಅಂದರೆ ಲ್ಯಾನ್ಸರ್‌ಗಳ, ಸ್ಮಾರಕವಿದೆ, ಸತ್ತವರ ಹೆಸರು ಕೆತ್ತಿಸಿದ್ದಾರೆ. ಇಡೀ ನಗರಕ್ಕೆ ಮಾದರಿಯಾಗಬೇಕಾದ ಕಲ್ಲು ಅದು. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಮದ್ರಾಸ್ ಪಯೊನಿಯರ್ಸ್ ದಳದವರ ಸ್ಮಾರಕವಿದೆ. ಅದರ ಪಕ್ಕ ಸಿಗ್ನಲ್‌ಗೆ ನಿಂತವರಲ್ಲಿ ಎಷ್ಟು ಮಂದಿ ಅದೇನೆಂದು ಬಲ್ಲರು? ಹಲಸೂರು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರ ತವರು. ಮುಳ್ಳುತಂತಿಯ ಬೇಲಿ ಸೀಳುವ ಉದ್ದ ಕೊಳವೆಯ ಸಿಡಿಗುಂಡನ್ನು 1912ರಲ್ಲಿ ಇಲ್ಲಿಯೇ ರೂಪಿಸಿದರು. ‘ಬ್ಯಾಂಗಲೂರ್ ಟಾರ್ಪಿಡೊ’ ಎಂದೇ ಅದಕ್ಕೆ ಹೆಸರಾಯಿತು. ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾಯಿತು, 1944ರ ಜೂನ್‌ನಲ್ಲಿ ನಾರ್ಮಂಡಿ ತೀರದಲ್ಲೂ ಸಿಡಿಯಿತು. ಹೀಗೆ ಒಂದು ಆಯುಧದ ಮೇಲೆ ನಮ್ಮ ಊರಿನ ಹೆಸರು ಲೋಕಪ್ರಸಿದ್ಧವಾಯಿತು. ಆ ಕೊಳವೆ ಹೊತ್ತು ತಂತಿಯವರೆಗೆ ತೆವಳಿದ ಸ್ಯಾಪರ್‌ಗಳ ಹೆಸರನ್ನು ಊರು ತನ್ನ ಬೀದಿಯಲ್ಲಿ ಎಲ್ಲಿಯೂ ಬರೆದುಕೊಂಡಿಲ್ಲ.

ಸ್ಯಾಪರ್‌ಗಳು, ಪಯೊನಿಯರ್‌ಗಳು ಬಹುಮಟ್ಟಿಗೆ ತಮಿಳರು, ತೆಲುಗರು, ದಖನಿ ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ಅವರು ನಮ್ಮವರಲ್ಲ ಎಂಬ ಮಾತೂ ಬರುತ್ತದೆ. ಕನ್ನಡದ ಮೇಲಿನ ನನ್ನ ಪ್ರೀತಿ ಯಾರಿಗೂ ಕಡಿಮೆಯಿಲ್ಲ, ಆ ಪ್ರೀತಿಯಿಂದಲೇ ಹೇಳುತ್ತೇನೆ: ದಂಡಿನ ಬೆಂಗಳೂರೂ ಬೆಂಗಳೂರೇ. ಶಿವಾಜಿನಗರದ, ಹಲಸೂರಿನ ಗಲ್ಲಿಯಿಂದ ಹೊರಟು ಪೂರ್ವ ಆಫ್ರಿಕಾದಲ್ಲಿ ಮಣ್ಣಾದವನ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೆತ್ತಿದರೆ ಕನ್ನಡಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೆ ಬೇಕೇ?

ಹೆಸರುಗಳನ್ನು ಎಲ್ಲಿಂದ ತರುವುದು ಎಂದು ಕೇಳಿದರೆ, ಅವು ಇವೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷ ಬಿದ್ದಿದ್ದ ರಿಜಿಸ್ಟರುಗಳಿಂದ ಅವಿಭಜಿತ ಪಂಜಾಬಿನ 3,20,000 ಸೈನಿಕರ ವಿವರ ಹೊರಬಂತು. ಊರು ಊರಿನ ಪಟ್ಟಿ ಅದು. ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹಳ್ಳಿಯ ಪುಟ ಹುಡುಕಿ ನೋಡುತ್ತಿದ್ದಾರೆ. ನಮ್ಮಲ್ಲಿ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತಗಳಿವೆ, ರೆಜಿಮೆಂಟುಗಳ ದಾಖಲೆಗಳಿವೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ಎಷ್ಟೋ ಕಡೆ ಇಂಥವರ ಮಗ, ಇಂಥ ಊರಿನವನು ಎಂಬ ವಿವರವೂ ಇದೆ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಆ ಊರುಗಳ ಹೆಸರನ್ನು ಗುರುತಿಸಿ ತಿದ್ದಬಲ್ಲವರು ಇಲ್ಲಿನ ಜನ ಮಾತ್ರ. ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜನ ಪದಕ, ಪಿಂಚಣಿ ಕಾಗದ, ಯುದ್ಧಭೂಮಿಯಿಂದ ಬಂದ ಸಾವಿನ ಸುದ್ದಿಯ ಚೀಟಿ ಇನ್ನೂ ಇರಬಹುದು. ಇನ್ನೊಂದು ತಲೆಮಾರು ಕಳೆದರೆ ಅವು ಯಾರದೆಂದು ಹೇಳುವವರೂ ಇರುವುದಿಲ್ಲ.

ರಾಜ್ಯ ಸರ್ಕಾರ ಮೊದಲು ಪತ್ರಾಗಾರ ಇಲಾಖೆಗೆ ಈ ಪಟ್ಟಿಯ ಕೆಲಸ ಒಪ್ಪಿಸಲಿ. ಕರಡು ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಸೇರಿಸಲೂ ತಿದ್ದಲೂ ಕುಟುಂಬಗಳಿಗೆ ಒಂದು ವರ್ಷ ಕಾಲಾವಕಾಶ ಕೊಡಲಿ. ಸಿಪಾಯಿಯ ಜೊತೆಗೆ ಭಿಸ್ತಿಯ ಹೆಸರು, ಬ್ರಿಟಿಷ್ ಸೇನೆಯಲ್ಲಿ ಸತ್ತವನ ಜೊತೆಗೆ ಆಜಾದ್ ಹಿಂದ್ ಫೌಜಿನಲ್ಲಿ ಸತ್ತವನ ಹೆಸರು ಅದರಲ್ಲಿರಲಿ. ದರ್ಜೆಯ ಕ್ರಮ ಬೇಡ, ಅಕಾರಾದಿಯಾಗಿ ಬರಲಿ. ಪ್ರತಿ ಹೆಸರಿನ ಮುಂದೆ ಊರು, ದಳ, ಸತ್ತ ಸ್ಥಳ, ತಾರೀಖು. ಕಲ್ಲು ನೆಡಲು ಜಾಗಕ್ಕೂ ಕೊರತೆಯಿಲ್ಲ: ನೆಹರು ತಾರಾಲಯದ ಬಳಿ ಸ್ವಾತಂತ್ರ್ಯಾನಂತರ ಮಡಿದ ಯೋಧರಿಗಾಗಿ ವೀರಗಲ್ಲು ನಿಲ್ಲಿಸಿದ ಉದ್ಯಾನದಲ್ಲೇ ಇನ್ನೊಂದು ಗೋಡೆ ಕಟ್ಟಬಹುದು.