‘ನಮಗ ಇದರಿಂದನ ಆರಾಮ ಆತು’ ಅನ್ನುವ ಸಂದೇಶಗಳನ್ನು ಎಷ್ಟು ನಂಬಬಹುದು?

2023ರ ಜುಲೈ ತಿಂಗಳು ನೆನಪಿದೆಯೇ? ರಾಜ್ಯದ ಹಲವು ಜಿಲ್ಲೆಗಳಂತೆ ಕೊಪ್ಪಳದಲ್ಲೂ ಆಗ ಕಣ್ಣುಬೇನೆ ಹಬ್ಬಿತ್ತು. ಅದೇ ತಿಂಗಳ 19ರಂದು ಗೃಹಲಕ್ಷ್ಮಿ ನೋಂದಣಿಗೆ ಚಾಲನೆ ಸಿಕ್ಕಿತು. ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಮಹಿಳೆಯರ ಸಾಲು, ಒಳಗೆ ಕಂಪ್ಯೂಟರಿನಲ್ಲಿ ‘ಸರ್ವರ್ ಬ್ಯುಸಿ’. ಒಂದು ಕಡೆ ಕೆಂಪಾದ ಕಣ್ಣು, ಇನ್ನೊಂದು ಕಡೆ ತಿರುಗುತ್ತಲೇ ಇರುವ ಚಕ್ರ. ಎರಡೂ ಜೀವ ತೆಗೆಯುವ ತೊಂದರೆಗಳಲ್ಲ, ಆದರೆ ಇಡೀ ದಿನ ಹಾಳು ಮಾಡುವಂಥವು.

ಎರಡಕ್ಕೂ ವಾಟ್ಸಾಪ್‌ನಲ್ಲಿ ಪರಿಹಾರ ಬಂದವು. ಕಣ್ಣಿಗೆ ಜೇನುತುಪ್ಪ, ಗುಲಾಬಿ ನೀರು, ಎದೆಹಾಲು ಹಾಕಿ ಎಂಬುದು ಒಂದು ಬಗೆ. ನಸುಕಿನ ನಾಲ್ಕಕ್ಕೆ ಎದ್ದು ಲಾಗಿನ್ ಆಗಿ, ಫೋನನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿ ಎಂಬುದು ಇನ್ನೊಂದು ಬಗೆ. ಇಂಥ ಸಂದೇಶಗಳ ಕೊನೆಗೆ ಬಹುತೇಕ ಒಂದೇ ಮಾತು ಇರುತ್ತದೆ: ‘ನಾವು ಮಾಡಿ ನೋಡೀವಿ, ನಮಗ ಇದರಿಂದನ ಆರಾಮ ಆತು.’

ಹಾಗೆ ಬರೆದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಆರಾಮ ಆಗಿದ್ದು ನಿಜ. ಆದರೆ ಅದು ‘ಇದರಿಂದಲೇ’ ಆಯಿತೇ? ಈ ಲೇಖನದಲ್ಲಿ ನಾವು ನೋಡುವುದು ಅದೊಂದನ್ನೇ.

ಕಣ್ಣುಬೇನೆಗೆ ಅದರದೇ ಲೆಕ್ಕವಿದೆ

‘ಮದ್ರಾಸ್ ಐ’ ಎಂದು ಕರೆಯುವ ಕಣ್ಣುಬೇನೆ ಹೆಚ್ಚಾಗಿ ಬರುವುದು ಅಡಿನೋವೈರಸ್‌ನಂಥ ವೈರಾಣುಗಳಿಂದ. ಸೋಂಕಿದ ಕಣ್ಣನ್ನು ನೋಡಿದರೆ ಇದು ಅಂಟುವುದಿಲ್ಲ. ಕಣ್ಣು ಮುಟ್ಟಿದ ಕೈ, ಟವೆಲ್, ದಿಂಬು, ಮೊಬೈಲ್ ಫೋನ್, ಬಾಗಿಲ ಹಿಡಿಕೆ, ಇವುಗಳ ಮೂಲಕ ಹರಡುತ್ತದೆ. ಕಪ್ಪು ಕನ್ನಡಕ ಬಿಸಿಲು ಚುಚ್ಚದಂತೆ ತಡೆದು ಹಿತ ಕೊಡುತ್ತದೆ, ಪದೇ ಪದೇ ಕಣ್ಣುಜ್ಜುವ ಕೈಯನ್ನೂ ಸ್ವಲ್ಪ ತಡೆಯುತ್ತದೆ. ಎದುರಿಗೆ ಇರುವವರನ್ನು ಕಾಪಾಡುವುದು ಸಾಬೂನಿನಿಂದ ತೊಳೆದ ಕೈ.

ವೈರಾಣುವಿನಿಂದ ಬಂದ ಕಣ್ಣುಬೇನೆ ಬಹುತೇಕರಲ್ಲಿ ಒಂದರಿಂದ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಮೊದಲ ದಿನ ಸ್ವಲ್ಪ ಕೆಂಪು, ಸ್ವಲ್ಪ ತುರಿಕೆ. ಆಮೇಲೆ ಏರುತ್ತಾ ಹೋಗಿ ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುತ್ತವೆ. ಶಿಖರ ಮುಟ್ಟಿದ ಮೇಲೆ ಇಳಿಯಲು ಶುರು.

ಈಗ ಯೋಚಿಸಿ, ನಾವು ಮದ್ದು ಹುಡುಕುವುದು ಯಾವ ದಿನ? ಮೊದಲ ದಿನ ‘ಧೂಳು ಬಿದ್ದಿರಬೇಕು’ ಎಂದು ಸುಮ್ಮನಿರುತ್ತೇವೆ. ತಡೆಯಲಾಗದಷ್ಟು ಹೆಚ್ಚಾದ ದಿನ ಜೇನುತುಪ್ಪ ಹುಡುಕುತ್ತೇವೆ. ಅಂದರೆ ಬೇನೆ ಶಿಖರದಲ್ಲಿದ್ದಾಗ. ಅಲ್ಲಿಂದ ಮುಂದೆ ದಾರಿ ಇಳಿಜಾರು. ಆ ದಿನ ಜೇನು ಹಾಕಿದ್ದರೂ, ಬರೀ ತಣ್ಣೀರು ಬಟ್ಟೆ ಇಟ್ಟಿದ್ದರೂ, ಏನೂ ಮಾಡದೇ ಇದ್ದಿದ್ದರೂ ಎರಡು–ಮೂರು ದಿನಕ್ಕೆ ಕಡಿಮೆ ಆಗುತ್ತಿತ್ತು. ಹೆಸರು ಮಾತ್ರ ಕೊನೆಗೆ ಹಾಕಿದ ಮದ್ದಿಗೆ.

ನೆಗಡಿಯೂ ಹಾಗೆಯೇ. ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಎಂಬ ಹಳೆಯ ತಮಾಷೆಯಲ್ಲಿ ವಿಜ್ಞಾನವೇ ಇದೆ. ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೆ ಹೋಗುತ್ತದೆ. ಬಿಕ್ಕಳಿಕೆ ಕೆಲವೇ ನಿಮಿಷಕ್ಕೆ ನಿಲ್ಲುತ್ತದೆ. ನೀರು ಕುಡಿದರೂ, ಸಕ್ಕರೆ ತಿಂದರೂ, ‘ಯಾರು ನೆನೆಸ್ಯಾರ’ ಎಂದು ಹೆಸರು ಹೇಳುತ್ತಾ ಹೋದರೂ ಬಿಕ್ಕಳಿಕೆ ನಿಲ್ಲುತ್ತದೆ. ಯಾವ ಹೆಸರು ಹೇಳುವಾಗ ನಿಂತಿತೋ ಅವರೇ ನೆನೆಸಿದವರು!

ಸರ್ವರ್, ಹೆಬ್ಬಟ್ಟು ಮತ್ತು ಅರ್ಧ ಸತ್ಯ

ತಂತ್ರಜ್ಞಾನದ ಕಿರಿಕಿರಿಯಲ್ಲೂ ಇದೇ ಆಟ ನಡೆಯುತ್ತದೆ. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ತಾಣ ತೆರೆಯಲು ನೋಡಿದರೆ ಸರ್ವರ್ ಎಲ್ಲರಿಗೂ ಉತ್ತರ ಕೊಡಲಾರದು. ಹೊರೆ ಇಳಿದಾಗ ತಾನಾಗಿ ತೆರೆಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನೀವು ಫೋನ್ ಆಫ್ ಮಾಡಿ ಆನ್ ಮಾಡಿದ್ದರೆ ಅದೇ ಮಂತ್ರವಾಗುತ್ತದೆ.

ಹಾಗಂತ ಎಲ್ಲ ಸಲಹೆಯೂ ಸುಳ್ಳಲ್ಲ. ‘ನಸುಕಿನಲ್ಲಿ ಪ್ರಯತ್ನಿಸಿ’ ಎಂಬುದರಲ್ಲಿ ಸತ್ಯವಿದೆ, ಆ ಹೊತ್ತಿಗೆ ಜನ ಕಡಿಮೆ. ಫೋನ್ ತೀರಾ ನಿಧಾನವಾದಾಗ ಒಮ್ಮೆ ಆಫ್ ಮಾಡಿ ಆನ್ ಮಾಡುವುದರಿಂದ ಸಿಕ್ಕಿಹಾಕಿಕೊಂಡ ಕೆಲಸಗಳು ನಿಂತು ಹೊಸದಾಗಿ ಶುರುವಾಗುತ್ತವೆ. ಆದರೆ ದೂರದ ಸರ್ವರ್ ಮೇಲಿನ ಹೊರೆ ನಿಮ್ಮ ಫೋನ್ ಆಫ್ ಮಾಡಿದರೆ ಇಳಿಯುವುದಿಲ್ಲ.

ರೇಶನ್ ಅಂಗಡಿಯ ಮಾತು ತೆಗೆದುಕೊಳ್ಳಿ. ಗಂಗಾವತಿ ಭಾಗದಲ್ಲಿ ಭತ್ತದ ನಾಟಿ ಮಾಡುವವರು ದಿನಗಟ್ಟಲೆ ಕೆಸರು ನೀರಿನಲ್ಲಿ ಕೈಯಾಡಿಸುತ್ತಾರೆ. ಯಲಬುರ್ಗಾ, ಕುಷ್ಟಗಿಯಿಂದ ದುಡಿಯಲು ಹೋದವರು ಸಿಮೆಂಟು, ಇಟ್ಟಿಗೆ ಹಿಡಿಯುತ್ತಾರೆ. ಬೆರಳಿನ ಗೆರೆ ಸವೆಯುತ್ತದೆ, ಯಂತ್ರ ‘ಹೆಬ್ಬಟ್ಟು ತಗೋವಲ್ದು’. ಆಗ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳಿ ಎನ್ನುತ್ತಾರೆ. ತೀರಾ ಒಣಗಿದ ಬೆರಳಿಗೆ ಸ್ವಲ್ಪ ಜಿಡ್ಡು, ಸ್ವಲ್ಪ ತೇವ ಸಿಕ್ಕರೆ ಅಚ್ಚು ಸ್ಪಷ್ಟವಾಗುವುದು ನಿಜ. ಆದರೆ ಗೆರೆಯೇ ಸವೆದಿದ್ದರೆ ಯಾವ ಉಪಾಯವೂ ನಡೆಯದು. ಕೆಲಸಕ್ಕೆ ಬಿಡುವು ಸಿಕ್ಕು ಕೆಲವು ವಾರ ಕಳೆದರೆ ಗೆರೆ ಮತ್ತೆ ಮೂಡುತ್ತವೆ.

ಇಂಥ ಉಪಾಯಗಳ ಗದ್ದಲದಲ್ಲಿ ಮುಖ್ಯ ಮಾತೊಂದು ಮರೆಯಾಗುತ್ತದೆ. ಬೆರಳಚ್ಚು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ದಾಖಲೆ ನೋಡಿ ಕೊಡಬೇಕು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಫಾರ್ವರ್ಡ್ ಮಾಡಲು ಯೋಗ್ಯವಾದ ಮಾತು ಇದು.

ಪಾರಿವಾಳಗಳು ಕಲಿಸಿದ ಪಾಠ

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಒಂದು ಪ್ರಯೋಗ ಪ್ರಕಟಿಸಿದರು. ಹಸಿದ ಪಾರಿವಾಳಗಳನ್ನು ಪಂಜರದಲ್ಲಿಟ್ಟು, ಅವು ಏನು ಮಾಡಿದರೂ, ಮಾಡದಿದ್ದರೂ, ನಿಗದಿತ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಮಾಡಿದರು. ಸ್ವಲ್ಪ ಕಾಲದಲ್ಲಿ 8 ಪಾರಿವಾಳಗಳ ಪೈಕಿ 6 ತಮ್ಮದೇ ಆದ ರೂಢಿ ಬೆಳೆಸಿಕೊಂಡವು. ಒಂದು ಗಿರಗಿರ ತಿರುಗುತ್ತಿತ್ತು, ಇನ್ನೊಂದು ಪಂಜರದ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬೀಳುವ ಹೊತ್ತಿಗೆ ಯಾವುದು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತು ಎಂಬಂತೆ ಅದನ್ನೇ ಮತ್ತೆ ಮತ್ತೆ ಮಾಡತೊಡಗಿದ್ದವು.

ಬಟನ್ ಒತ್ತಿ ಒತ್ತಿ ಕೊನೆಗೆ ತಾಣ ತೆರೆದಾಗ ನಮಗೆ ಆಗುವುದೂ ಇದೇ. ಒಂದರ ಬೆನ್ನಿಗೆ ಇನ್ನೊಂದು ನಡೆದರೆ ಮೊದಲಿನದೇ ಕಾರಣ ಎಂದುಕೊಳ್ಳುವುದು ಮಿದುಳಿನ ರೂಢಿ. ಇದು ದಡ್ಡತನವಲ್ಲ. ಮುಳ್ಳು ತುಳಿದರೆ ನೋವು ಎಂದು ಕಲಿಯುವುದೂ ಇದೇ ರೂಢಿಯಿಂದ. ತಾನಾಗಿ ಹೋಗುವ ತೊಂದರೆಗಳಲ್ಲಿ ಮಾತ್ರ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ.

ಆರಾಮ ಆದವರ ಸಂದೇಶವೇ ಓಡಾಡುತ್ತದೆ

ಒಂದು ಲೆಕ್ಕ ಊಹಿಸೋಣ. ಒಂದು ಊರಿನಲ್ಲಿ 100 ಜನರಿಗೆ ಕಣ್ಣುಬೇನೆ ಬಂದು, ಎಲ್ಲರೂ ಜೇನು ಹಾಕಿದರು ಎನ್ನಿ. ವಾರದೊಳಗೆ 80 ಜನರಿಗೆ ತಾನಾಗಿ ಕಡಿಮೆ ಆಯಿತು. ಅವರಲ್ಲಿ ಹತ್ತು ಜನ ಗ್ರೂಪಿನಲ್ಲಿ ಬರೆದರು. ಉಳಿದ 20 ಜನ ದವಾಖಾನೆಗೆ ಹೋದರು. ಅವರಲ್ಲಿ ಎಷ್ಟು ಜನ ‘ಜೇನು ಹಾಕಿದೆ, ಏನೂ ಆಗಲಿಲ್ಲ’ ಎಂದು ಬರೆಯುತ್ತಾರೆ? ಬಹುತೇಕ ಯಾರೂ ಇಲ್ಲ. ಗ್ರೂಪಿನಲ್ಲಿ ಹತ್ತಕ್ಕೆ ಹತ್ತೂ ಗೆಲುವು.

ಈ ಮೋಸ ಬಿಡಿಸುವ ದಾರಿ ಹೋಲಿಕೆ. 1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ರೋಗ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ ಬೇರೆ ಬೇರೆ ಮದ್ದು ಕೊಟ್ಟರು. ಕಿತ್ತಳೆ–ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ‘ಇದನ್ನು ತಿಂದು ಆರಾಮ ಆದರು’ ಎಂಬಷ್ಟಕ್ಕೇ ಅವರು ನಿಲ್ಲಲಿಲ್ಲ. ‘ತಿನ್ನದವರಿಗೆ ಏನಾಯಿತು?’ ಎಂದೂ ನೋಡಿದರು. ನಮ್ಮ ಗ್ರೂಪುಗಳಲ್ಲಿ ಕೇಳದೇ ಉಳಿಯುವ ಪ್ರಶ್ನೆ ಅದೇ.

‘ಮಾಡಿದ್ರ ಹಾನಿ ಏನೈತಿ?’

ಹಣೆಗೆ ತಣ್ಣೀರು ಪಟ್ಟಿ, ಗಂಟಲಿಗೆ ಉಪ್ಪುನೀರು, ನೆಗಡಿಗೆ ಬಿಸಿ ಸಾರು, ಇವುಗಳಿಂದ ಹಾನಿಯಿಲ್ಲ, ಹಿತವಿದೆ. ತೊಂದರೆ ಇರುವುದು ಇನ್ನೊಂದು ಗುಂಪಿನಲ್ಲಿ.

ಮೊದಲನೆಯದು ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತರುವ ಸ್ಟೀರಾಯ್ಡ್ ಕಣ್ಣಿನ ಹನಿ. ಕೆಂಪು ಬೇಗ ಇಳಿಯುವುದರಿಂದ ‘ಭಾರಿ ಔಷಧಿ’ ಅನಿಸುತ್ತದೆ. ಆದರೆ ಕಣ್ಣು ಕೆಂಪಾಗಿದ್ದು ಹರ್ಪಿಸ್ ವೈರಾಣುವಿನಿಂದಾಗಿದ್ದರೆ ಸ್ಟೀರಾಯ್ಡ್ ಅದನ್ನು ಉಲ್ಬಣಿಸಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಹಾನಿ ಮಾಡಬಹುದು. ಬಹಳ ದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ವಾರದಲ್ಲಿ ಹೋಗುತ್ತಿದ್ದ ಬೇನೆಗೆ ಕಣ್ಣನ್ನೇ ಪಣಕ್ಕಿಟ್ಟಂತೆ. ಮನೆಯ ಜೇನು, ಎದೆಹಾಲು ಕೂಡ ಕ್ರಿಮಿಮುಕ್ತವಲ್ಲ. ಅವುಗಳಿಂದ ಹೊಸ ಸೋಂಕು ಸೇರಬಹುದು.

ಎರಡನೆಯದು ನೆಗಡಿಗೆ ಆ್ಯಂಟಿಬಯೋಟಿಕ್. ಅದು ಬ್ಯಾಕ್ಟೀರಿಯಾಕ್ಕೆ, ವೈರಾಣುವಿಗಲ್ಲ. ಬೇಡದಾಗ ನುಂಗಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ, ನಿಜವಾಗಿ ಬೇಕಾದ ದಿನ ಅದೇ ಮಾತ್ರೆ ಕೆಲಸ ಮಾಡದೇ ಹೋಗಬಹುದು.

ಮೂರನೆಯದು ಫೋನಿಗೆ ಬರುವ ‘ಮದ್ದು’. ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿ ಎಲ್ಲ ಕೊಟ್ಟರೆ, ಅದು ನಿಮ್ಮ ಎಸ್‌ಎಂಎಸ್ ಓದಿ ಓಟಿಪಿಯನ್ನು ವಂಚಕರಿಗೆ ಕಳಿಸಬಲ್ಲದು. ಸರ್ವರ್ ಮೇಲಿನ ಸಿಟ್ಟಿನಲ್ಲಿ ಇರುವವರೇ ಇಂಥ ಬಲೆಗೆ ಬೇಗ ಬೀಳುತ್ತಾರೆ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ತಾನಾಗಿ ಹೋಗದ ತೊಂದರೆಗಳೂ ಇವೆ

ನಮ್ಮ ಭಾಗಕ್ಕೆ ಹೆಚ್ಚು ಮುಖ್ಯವಾದ ಮಾತು ಇದು. ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಮೂಡುತ್ತದೆ. ದೊಡ್ಡವರಿಗೆ ಮೊಣಕಾಲು, ಬೆನ್ನು, ಕುತ್ತಿಗೆ ಬಿಗಿಯುತ್ತವೆ.

ಇಲ್ಲೂ ಫಾರ್ವರ್ಡ್ ಮದ್ದು ‘ಕೆಲಸ ಮಾಡಿದಂತೆ’ ಕಾಣುತ್ತದೆ. ಕೀಲುನೋವು ದಿನವೂ ಒಂದೇ ತೂಕದಲ್ಲಿ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಅತಿ ಹೆಚ್ಚು ನೋವಿರುವ ದಿನ ಎಣ್ಣೆ ತಿಕ್ಕುತ್ತೇವೆ, ಮರುದಿನ ಅದು ಎಂದಿನ ಮಟ್ಟಕ್ಕೆ ಬರುತ್ತದೆ. ವಿಪರೀತದ ಬೆನ್ನಿಗೆ ಸಾಧಾರಣ ಬರುವ ಈ ಗುಣವನ್ನು ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದರು. ತೀರಾ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಅಷ್ಟು ಎತ್ತರ ಇರುವುದಿಲ್ಲ, ಸರಾಸರಿಯ ಕಡೆಗೆ ವಾಲುತ್ತಾರೆ. ನೋವಿನ ವಿಷಯದಲ್ಲೂ ಹಾಗೆಯೇ. ಎಣ್ಣೆಗೆ ಹೆಸರು ಬಂತು, ನೀರು ಮಾತ್ರ ಹಾಗೇ ಉಳಿಯಿತು.

‘ನೀರು ಕುದಿಸಿ ಕುಡಿದರೆ ಎಲ್ಲ ಹೋಗುತ್ತದೆ’ ಎಂಬ ಸಂದೇಶ ಇಲ್ಲಿ ತಪ್ಪು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಹಲ್ಲಿನ ಕಲೆಗೆ ನಿಂಬೆ ಉಜ್ಜಿದರೆ ಹಲ್ಲಿನ ಹೊರಪದರ ಸವೆಯುತ್ತದೆ. ಬೇಕಾದದ್ದು ನೀರಿನ ಪರೀಕ್ಷೆ ಮತ್ತು ಬೇರೆ ನೀರು. ಗ್ರಾಮ ಪಂಚಾಯಿತಿಯಲ್ಲಿ ನಮ್ಮೂರ ನೀರಿನ ಫ್ಲೋರೈಡ್ ಎಷ್ಟಿದೆ ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು.

ಫಾರ್ವರ್ಡ್ ಒತ್ತುವ ಮುನ್ನ ಮೂರು ಪ್ರಶ್ನೆ

ಒಂದು: ಈ ತೊಂದರೆ ಏನೂ ಮಾಡದಿದ್ದರೂ ಹೋಗುತ್ತಿತ್ತೇ? ಹೌದಾದರೆ ‘ನಮಗ ಆರಾಮ ಆತು’ ಎಂಬುದು ಸಾಕ್ಷಿಯಲ್ಲ.

ಎರಡು: ಇದನ್ನು ಮಾಡದವರಿಗೆ, ಮಾಡಿಯೂ ಆರಾಮ ಆಗದವರಿಗೆ ಏನಾಯಿತು? ಸಂದೇಶದಲ್ಲಿ ಅವರ ಸುದ್ದಿಯೇ ಇಲ್ಲದಿದ್ದರೆ ಅರ್ಧ ಲೆಕ್ಕ ಮಾತ್ರ ನಿಮ್ಮ ಕೈಯಲ್ಲಿದೆ.

ಮೂರು: ಇದು ತಪ್ಪಾದರೆ ಕಳೆದುಕೊಳ್ಳುವುದು ಏನು? ಒಂದು ಲೋಟ ಬಿಸಿನೀರೋ, ಕಣ್ಣೋ, ಖಾತೆಯಲ್ಲಿನ ಹಣವೋ?

ಇನ್ನು ಕಾಯಬಾರದ ಸಂದರ್ಭಗಳು. ಕಣ್ಣು ಕೆಂಪಾಗುವುದರ ಜೊತೆ ತೀವ್ರ ನೋವಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲು ಆಗದಿದ್ದರೆ, ಅಥವಾ ರೋಗಿ ಹಸುಗೂಸಾಗಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಜ್ವರ ಮೂರು ದಿನ ದಾಟಿದರೆ, ಉಸಿರಾಟ ಕಷ್ಟವಾದರೆ, ಮಗು ಹಾಲು–ನೀರು ಬಿಟ್ಟರೆ ನೆಗಡಿಯೆಂದು ಸುಮ್ಮನಿರಬಾರದು. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಮನೆಯ ಗ್ರೂಪಿಗೆ ಏನನ್ನಾದರೂ ಕಳಿಸಲೇಬೇಕು ಅನಿಸಿದರೆ ಈ ಕೊನೆಯ ನಾಲ್ಕು ಸಾಲು ಕಳಿಸಿ.