ಮೀನಿಗೆ ಸೋಸಿದ ನೀರು, ಕೂಸಿಗೆ ಬೋರಿನ ನೀರು

ನಮ್ಮ ತುಕ್ಕಾನಟ್ಟಿಗೂ ಸಮುದ್ರಕ್ಕೂ ಏನೂ ಸಂಬಂಧ ಇಲ್ಲರಿ. ಆದ್ರೂ ನಮ್ಮ ಪಡಸಾಲ್ಯಾಗ ಒಂದು ಸಣ್ಣ ಸಮುದ್ರ ಐತಿ. ಮಗ ಮನ್ಯಾಗ ಕುಂತ ಕಂಪ್ಯೂಟರ್ ಕೆಲಸ ಮಾಡತಾನ, ಅವಂಗ ಮೀನಿನ ಹುಚ್ಚು. 200 ಲೀಟರಿನ ಗಾಜಿನ ತೊಟ್ಟಿ, ಲೀಟರಿಗೆ 35 ಗ್ರಾಂ ಲೆಕ್ಕದಾಗ 7 ಕೆಜಿ ಉಪ್ಪು, ಅದರಾಗ ಕಿತ್ತಳಿ ಬಣ್ಣಕ್ಕ ಬಿಳಿ ಪಟ್ಟಿ ಇರೋ ಎರಡ ಎರಡು ಮೀನ. ಅಡಗಿ ಉಪ್ಪು ನಡಿಯೂದಿಲ್ಲಂತ, ಅದಕ್ಕ ಬ್ಯಾರೆ ಉಪ್ಪಿನ ಪಾಕೀಟು ತರಸತಾನ. "ರೊಕ್ಕ ನೀರಾಗ ಹಾಕೂದು ಅಂದ್ರ ಇದ ನೋಡು" ಅಂತ ನಮ್ಮ ಮನಿಯವರು ಬೈತಿರತಾರ.

ಆ ತೊಟ್ಟಿ ನೀರಾಗ ನೈಟ್ರೇಟ್ ಕೂಡತೈತಿ. ಮೀನಿನ ಹೊಲಸು, ತಿಂದು ಉಳದ ಕಾಳು ಕೊಳತು ಮೊದಲ ಅಮೋನಿಯಾ ಆಗತೈತಿ, ಆಮ್ಯಾಲ ನೈಟ್ರೈಟ್, ಕಡೀಕ ನೈಟ್ರೇಟ್. ಮೊದಲಿನ ಎರಡೂ ಮೀನಿಗೆ ಭಾಳ ವಿಷ. ನೈಟ್ರೇಟ್ ಅಷ್ಟು ವಿಷ ಅಲ್ಲ, ಆದ್ರ ಅದು ತಾನಾಗಿ ಹೋಗೂದಿಲ್ಲ, ದಿನಾ ಏರಕೋತ ಹೋಗತೈತಿ, ಪಾಚಿ ಕಟ್ಟತೈತಿ. ನೀರು ಬದಲಿ ಮಾಡಬೇಕಂದ್ರ ಮತ್ತ ಉಪ್ಪಿನ ಖರ್ಚು. ಅದಕ್ಕ ಮಗ ತಾನ ಒಂದು ಫಿಲ್ಟರ್ ಕಟ್ಟಿದ.

ಬೋರಿನ ಕೆಲಸದಾಗ ಉಳದಿದ್ದ 4 ಇಂಚಿನ ಪಿವಿಸಿ ಪೈಪಿನ ತುಂಡು ತಗೊಂಡ, ಎರಡೂ ಕಡೆ ಮುಚ್ಚಳ ಬಡದ. ಒಳಗ ಹೊಲದ ಡ್ರಿಪ್ಪಿನ ಸಣ್ಣ ನಳಿಗಿ 20 ಮೀಟರ್ ಸುರುಳಿ ಸುತ್ತಿ ಇಟ್ಟ. ನೀರು ಆ ಸುರುಳ್ಯಾಗ ಸುತ್ತಿ ಸುತ್ತಿ, ಪೈಪು ತುಂಬಿ, ಸಲಾಯಿನ್ ಹಚ್ಚಿದಂಗ ಹನಿ ಹನಿಯಾಗಿ ಹೊರಗ ಬೀಳಬೇಕು. ಕಣ್ಣಿಗೆ ಕಾಣದ ಹುಳ ಇರತಾವಲ್ಲ, ಬ್ಯಾಕ್ಟೀರಿಯಾ, ಅವು ಸುರುಳ್ಯಾಗ ನೀರಿನ ಗಾಳಿ ಎಲ್ಲಾ ತಿಂದ ಮುಗಸತಾವ. ಮುಂದ ಗಾಳಿ ಸಿಗಲಾರದ ಜಾಗಾದಾಗ ಇರೋ ಹುಳ ನೈಟ್ರೇಟಿನೊಳಗಿನ ಆಕ್ಸಿಜನ್ ಕಿತಗೊಂಡು ಬದಕತಾವ. ಉಳದ ನೈಟ್ರೋಜನ್ ಗಾಳಿಯಾಗಿ ಹಾರಿ ಹೋಗತೈತಿ. ಆ ಹುಳಕ್ಕ ಆಹಾರಂತ ಒಂದ ಚಿಟಿಕಿ ಸಕ್ಕರಿ ಹಾಕಿದ. "ತಮ್ಮಾ, ಕಬ್ಬಿನ ನಾಡಾಗ ಇದ್ದು ಸಕ್ಕರಿ ಯಾಕ, ಬೆಲ್ಲ ಹಾಕಲೇನ?" ಅಂದೆ. "ಸುಮ್ಮನಿರ ಯವ್ವಾ" ಅಂದ.

ಆರು ವಾರ ಕಾದಿವಿ. ಮೊದಲ ಹದಿನೈದು ದಿನ ಹೊರಗ ಬರೋ ಹನ್ಯಾಗ ನೈಟ್ರೈಟ್ ಇತ್ತು, ಅಂದ್ರ ಕೆಲಸ ಅರ್ಧ ಆಗಿ ವಿಷ ಹೆಚ್ಚಾಗಿತ್ತು. ಆ ನೀರನ್ನ ಮೀನಿಗೆ ಬಿಡದ ಹೊರಗ ಚೆಲ್ಲಿದ. ಒಂದಿನ ಹನಿ ಭಾಳ ಸಣ್ಣ ಮಾಡಿಬಿಟ್ಟ, ಮನಿ ತುಂಬ ಕೊಳತ ತತ್ತಿ ವಾಸನಿ. ಕಡೀಕ ಹೊರಗಿನ ಹನಿ ಶುದ್ಧ ಬಂತು. ಆದ್ರ ತೊಟ್ಟ್ಯಾಗಿನ ನೈಟ್ರೇಟ್ ಮಾತ್ರ ಇಳೀಲೇ ಇಲ್ಲ.

ಕಾರಣ ನಾನ. "ಪಾಪ, ಹಸದಾವ" ಅಂತ ಹೋದಾಗೊಮ್ಮೆ ಬಂದಾಗೊಮ್ಮೆ ಕಾಳು ಉದರಸತಿದ್ದೆ. ಎರಡು ಮೀನಿಗೆ ಬೇಕಾದದ್ದು ಎರಡು ಚಿಟಿಕಿ, ನಾ ಹಾಕತಿದ್ದದ್ದು ಹಿಡಿ ಹಿಡಿ. ಕೈ ಹಿಡದ ಮ್ಯಾಲ ತಿಂಗಳೊಪ್ಪತ್ತಿನಾಗ ನೈಟ್ರೇಟ್ ಇಳೀತು. ಫಿಲ್ಟರ್ ಖೊಟ್ಟಿ ಇರಲಿಲ್ಲರಿ. ಅದು ಹನಿ ಹನಿ ತಗೀತಿತ್ತು, ನಾ ಹಿಡಿ ಹಿಡಿ ಹಾಕತಿದ್ದೆ.

ಇಷ್ಟ ಆಗಿದ್ರ ನಾ ಇದನ್ನ ಬರೀತಿರಲಿಲ್ಲ. ಆ ತೊಟ್ಟಿಗೆ ಮಗ ಬೋರಿನ ನೀರು ಮುಟ್ಟಸೂದಿಲ್ಲ, ಆರ್‌ಓ ನೀರಿನ ಕ್ಯಾನ್ ತರತಾನ. "ನಮ್ಮ ಬೋರಿಗೆ ಏನಾಗೇತೋ?" ಅಂತ ಕೇಳಿದೆ. ತನ್ನ ಪರೀಕ್ಷಾ ಶೀಶೆದಾಗ ಬೋರಿನ ನೀರು ಹಾಕಿ ಅಲ್ಲಾಡಸಿದ. ಮೀನಿನ ನೀರು ಹಳದಿ ಆಗಿತ್ತು. ನಮ್ಮ ನೀರು ಕೆಂಪಾತು. ಆಮ್ಯಾಲ ಲ್ಯಾಬಿಗೂ ಕೊಟ್ಟು ನೋಡಿದಿವಿ. ಕುಡಿಯೋ ನೀರಾಗ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಅಂತ ನಮ್ಮ ದೇಶದ ನಿಯಮ. ನಮ್ಮದು ಅದನ್ನ ದಾಟಿತ್ತು.

ಆಗ ನನ್ನ ಎದಿ ಝಲ್ ಅಂತು. ಮಗಳು ಬಾಣಂತನಕ್ಕ ಬಂದಿದ್ದಳು, ಕೂಸಿಗೆ ನಾಕು ತಿಂಗಳು. ಎದಿಹಾಲು ಸಾಲಲಾರದ್ದಕ್ಕ ಪುಡಿಹಾಲು ಕುಡಸತಿದ್ದಿವಿ, ಅದೂ ಅದ ಬೋರಿನ ನೀರಾಗ. ಛಲೋತ್ನಾಗಿ ಕುದಿಸೇ ಕೊಡತಿದ್ದೆ. ಆದ್ರ ಕುದಿಸಿದ್ರ ರೋಗದ ಹುಳ ಸಾಯತಾವ, ನೈಟ್ರೇಟ್ ಹೋಗೂದಿಲ್ಲ. ನೀರು ಆವಿಯಾಗಿ ಕಡಿಮಿ ಆದಂಗ ಅದು ಇನ್ನೂ ಗಟ್ಟಿ ಆಗತೈತಿ. ಅರಬಿಲೆ ಸೋಸಿದ್ರೂ ಹೋಗೂದಿಲ್ಲ, ಕ್ಯಾಂಡಲ್ ಫಿಲ್ಟರಿಗೂ ಹೋಗೂದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಇದು ಹೆಚ್ಚಾದ್ರ ರಕ್ತಕ್ಕ ಆಕ್ಸಿಜನ್ ಒಯ್ಯೋ ಶಕ್ತಿ ಕಡಿಮಿ ಆಗಿ ತುಟಿ, ಉಗುರು ನೀಲಿ ಆಗತಾವ, ಜೀವಕ್ಕೂ ಅಪಾಯ. ನಮ್ಮ ಕೂಸಿಗೆ ದೇವರ ದಯಾ, ಏನೂ ಆಗಲಿಲ್ಲ. ಅವತ್ತಿನಿಂದ ಮೀನಿನ ಕ್ಯಾನಿನ ನೀರ ಕೂಸಿಗೂ ಆತು.

ಬಾಜೂ ಮನಿಯ ಅಕ್ಕಾರು ಕೇಳಿದ್ರು, "ಹಂಗಾರ ಆ ಮೀನಿನ ಫಿಲ್ಟರ್ ನಮ್ಮ ನೀರಿಗೂ ಕಟ್ಟಸೋಣಲ್ಲ?" ಬ್ಯಾಡ್ರಿ. ಹುಳದ ಮ್ಯಾಲ ನಡಿಯೋ ಕೆಲಸ ಅದು. ಸ್ವಲ್ಪ ಹೆಚ್ಚು ಕಡಿಮಿ ಆದ್ರ ನೈಟ್ರೇಟಿಗಿಂತ ಕೆಟ್ಟ ನೈಟ್ರೈಟ್ ಬರತೈತಿ, ನಾನ ಕಣ್ಣಾರೆ ನೋಡೀನಿ. ಕುಡಿಯೋ ನೀರಿಗೆ ಮನ್ಯಾಗ ಆರ್‌ಓ ಇಲ್ಲಾ ಊರಾಗಿನ ಶುದ್ಧ ನೀರಿನ ಘಟಕ. ಅದೂ ಪೂರಾ ಪರಿಹಾರ ಅಲ್ಲ. ಆರ್‌ಓ ತಗದ ನೈಟ್ರೇಟ್ ಎಲ್ಲಾ ಅದು ಹೊರಗ ಬಿಡೋ ನೀರಾಗ ಇರತೈತಿ, ಅದು ಮತ್ತ ನೆಲಕ್ಕ.

ಹಂಗಾರ ಈ ನೈಟ್ರೇಟ್ ಎಲ್ಲಿಂದ ಬಂತು? ನಮ್ಮ ಕಡೆ ಕಾಲುವಿ ಬಂತು, ಬೋರ್ ಬಂದುವು, ಎಲ್ಲಿ ನೋಡಿದ್ರೂ ಕಬ್ಬು. ಕಬ್ಬು ಕರ್ರಗ ಕಾಣಬೇಕಂತ ಯೂರಿಯಾ ಸುರೀತೀವಿ. 45 ಕೆಜಿ ಚೀಲದಾಗ ಸುಮಾರು 20 ಕೆಜಿ ಸಾರಜನಕ ಇರತೈತಿ. ಬೆಳಿ ಉಂಡು ಉಳದದ್ದು ನೈಟ್ರೇಟ್ ಆಗಿ, ಹರಿ ನೀರಿನ ಜೋಡಿ ಕೆಳಗ ಇಳೀತೈತಿ. ಬೋರಿನ ಬಾಜೂಕ ತಿಪ್ಪಿ, ಪಾಯಖಾನಿ ಗುಂಡಿ ಇದ್ರ ಅದೂ ಕೂಡತೈತಿ. ನಾ ಮೀನಿಗೆ ಹಿಡಿ ಹಿಡಿ ಕಾಳು ಹಾಕಿದ್ದಕ್ಕೂ ಮನಿಯವರು ಕಬ್ಬಿಗೆ ಚೀಲ ಚೀಲ ಸುರಿಯೂದಕ್ಕೂ ಏನೂ ಫರಕ ಇಲ್ಲರಿ. ಎರಡೂ ಮಾಯೆದಿಂದನ ಮಾಡಿದ್ದು.

"ಗೊಬ್ಬರ ಕಡಿಮಿ ಮಾಡಿದ್ರ ಟನ್ನೇಜ್ ಬೀಳತೈತಿ, ಸಾಲ ಯಾರು ತೀರಸವ್ರು?" ಅಂತ ಮನಿಯವರು ಕೇಳತಾರ. ಅವರ ಮಾತು ಸುಳ್ಳಲ್ಲ. ಗೊಬ್ಬರ ಬಿಡ್ರಿ ಅಂತ ನಾನೂ ಅನ್ನೂದಿಲ್ಲ. ಅಳತಿ ಮಾಡಿ ಹಾಕ್ರಿ ಅಂತೀನಿ. ಕೃಷಿ ವಿಜ್ಞಾನ ಕೇಂದ್ರ ನಮ್ಮ ಊರಾಗ ಐತಿ, ಮಣ್ಣು ತಗೊಂಡು ಹೋಗಿ ಕೇಳಾಕ ಏನು ತ್ರಾಸು? ಒಮ್ಮೆಲೆ ಸುರಿಯೂದರ ಬದಲಿ ಕಂತ ಕಂತಾಗಿ ಕೊಡ್ರಿ. ಗೊಬ್ಬರ ಹಾಕಿದ ಬೆನ್ನಿಗೆ ಹೊಲ ತುಂಬ ನೀರು ಕಟ್ಟಬ್ಯಾಡ್ರಿ.

ನಮ್ಮ ಹೆಣ್ಣಮಕ್ಕಳಿಗೂ ಕೆಲಸ ಐತಿ. ಬೋರಿನ ಕಡೆಯಿಂದ ತಿಪ್ಪಿ ದೂರ ಮಾಡಸೂದು ನಮ್ಮ ಕೈಯಾಗ ಐತಿ. 2019ರಾಗ ಸುರು ಆದ ಜಲ ಜೀವನ ಮಿಷನ್ನಿನಾಗ ಊರಿಗೆ ಐದು ಮಂದಿ ಹೆಣ್ಣಮಕ್ಕಳಿಗೆ ನೀರು ಪರೀಕ್ಷೆ ಮಾಡೂದು ಕಲಸಬೇಕಂತ ಐತಿ. ಪಂಚಾಯ್ತಿಗೆ ಹೋಗಿ ನಮ್ಮೂರಾಗ ಆ ಐದು ಮಂದಿ ಯಾರು, ಕಿಟ್ ಎಲ್ಲೈತಿ ಅಂತ ಕೇಳ್ರಿ. ಮನ್ಯಾಗ ಬಸರಿ, ಬಾಣಂತಿ, ಸಣ್ಣ ಕೂಸು ಇದ್ರಂತೂ ಇವತ್ತ ಕೇಳ್ರಿ. ನೀರು ನೋಡಾಕ ತಿಳಿ ಇರತೈತಿ, ರುಚಿನೂ ಸಿಹಿ ಇರತೈತಿ. ನಮ್ಮದೂ ಹಂಗ ಇತ್ತು.